ಕಿಮೋ ನಿಲ್ಸ್ಯಾರ, ಮಗನ್ನ ಊರಿಗಿ ಕರ್ಕೊಂಡು ಬರ್ಲತ್ತಾರ: ತಂದಿ-ತಾಯಿ ಏನೇನು ತಯಾರಿ ಇಟ್ಕೋಬೇಕು?

ತೊಗರಿ_ಕಣಜ (ಆಳಂದ)
ನಮಸ್ಕಾರ್ರಿ ಎಲ್ಲರಿಗಿ. ನಮ್ಮ ಓಣ್ಯಾಗಿನ ಒಂದು ಮನಿ ಪರವಾಗಿ ಕೇಳ್ಲತ್ತೀನಿ. ಮಗಗ 34 ವಯಸ್ಸು, ಬೆಂಗಳೂರಾಗ ಖಾಸಗಿ ನೌಕರಿ. ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಕ್ಯಾನ್ಸರ್, ಲಿವರಿಗಿ ಹಬ್ಬ್ಯಾದ. ಇನ್ನ ಕಿಮೋ ಬ್ಯಾಡ, ಮನಿಗಿ ಕರ್ಕೊಂಡು ಹೋಗ್ರಿ ಅಂತ ಡಾಕ್ಟರ್ ಹೇಳ್ಯಾರ. ಅವನೂ ಊರಿಗೇ ಹೋಗೋಣ ಅಂತಾನ. ಹೆಂಡ್ತಿ, ಆರು ವರ್ಷದ ಮಗಳು ಜತಿ ಬರ್ತಾರ. ತಾಯಿಗಿ 58, ತಂದಿಗಿ 63, ತಂದಿಗಿ ಶುಗರ್ ಬ್ಯಾರೆ ಅದ. ತಾಯಿ ಅಳೋದು ನಿಲ್ಸಿಲ್ಲ, ತಂದಿ ಬಾಯೇ ಬಿಡಲ್ಲ. ಬೀಗರು-ಬಿಜ್ಜರು "ಅವನಿಗಿ ಏನೂ ಹೇಳಬ್ಯಾಡ್ರಿ" ಅಂತಾರ.

ನೋವಿನ ಔಷಧ ನಮ್ಮ ಕಡಿ ಹೆಂಗ ಸಿಗ್ತದ? ಮನ್ಯಾಗ ಏನೇನು ಇಡಬೇಕು? ಕಾಗದ-ಪತ್ರ ಈಗೇ ಏನು ಮಾಡ್ಕೋಬೇಕು? "ಧೈರ್ಯ ತಗೋರಿ" ಅಂತ ಬರಿಯೋರು ದಯಮಾಡಿ ಬರೀಬ್ಯಾಡ್ರಿ, ಅದನ್ನ ಹೇಳೋರು ಮನಿ ತುಂಬ ಅದಾರ.

ಗುಳಗಿ_ಅಂಗಡಿ (ಕಲಬುರಗಿ)
ಬೆಂಗಳೂರು ಬಿಡೋಕಿಂತ ಮುಂಚೇನೇ ಮಾರ್ಫಿನ್ ಗುಳಗಿ ಕೈಯಾಗ ಇರಬೇಕು. ಇಲ್ಲಿಗಿ ಬಂದ ಮ್ಯಾಲ ಹುಡುಕೋದು ಭಾಳ ತ್ರಾಸ. ಮಾಮೂಲಿ ಮೆಡಿಕಲ್ ಅಂಗಡ್ಯಾಗ ಇದು ಸಿಗಲ್ಲ. 1985ರ ಎನ್‌ಡಿಪಿಎಸ್ (ಮಾದಕ ವಸ್ತು) ಕಾಯ್ದೆಗಿ 2014ರಾಗ ತಿದ್ದುಪಡಿ ಆದ ಮ್ಯಾಲ, ಸರ್ಕಾರದ ಮಾನ್ಯತೆ ಪಡೆದ ದವಾಖಾನಿಗಳು ಮಾರ್ಫಿನ್, ಫೆಂಟಾನಿಲ್ ಇಟ್ಟು ಕೊಡಬಹುದು. ಇವುಕ್ಕ ಆರ್‌ಎಂಐ ಅಂತಾರ. ಬೆಂಗಳೂರಿನ ಕಿದ್ವಾಯಿ, ಹೈದರಾಬಾದ್ ರೆಡ್ ಹಿಲ್ಸಿನ ಎಂಎನ್‌ಜೆ, ಎರಡೂ ಕ್ಯಾನ್ಸರ್ ದವಾಖಾನಿ, ಎರಡರಾಗೂ ನೋವಿನ ವಿಭಾಗ ಅದ. ಕಲಬುರಗ್ಯಾಗ ಕಿದ್ವಾಯಿದೇ ಶಾಖೆ ಅದ, ಸರ್ಕಾರಿ ದವಾಖಾನಿ ಜಿಮ್ಸ್ ಅದ. ಹೋಗೋ ಮೊದ್ಲ ಫೋನ್ ಹಚ್ಚಿ "10 ಮಿಲಿಗ್ರಾಂ ಮಾರ್ಫಿನ್ ಗುಳಗಿ ಸ್ಟಾಕ್ ಅದ ಏನ್ರಿ?" ಅಂತ ಹೆಸರು ಹಿಡ್ದೇ ಕೇಳ್ರಿ. "ನೋವಿನ ಔಷಧ ಅದ ಏನು" ಅಂದ್ರ ಎಲ್ಲಿ ಬೇಕಲ್ಲಿ ಅದ ಅಂತಾರ, ಹೋದ ಮ್ಯಾಲ ಟ್ರಮಡಾಲ್ ಅನ್ನೋ ಕಡಿಮಿ ಜೋರಿನ ಗುಳಗಿ ಕೈಗಿ ಬರ್ತದ.

ಡಿಸ್ಚಾರ್ಜ್ ಕಾರ್ಡ್ ಅಸಲು, ಎರಡು ಝೆರಾಕ್ಸ್, ಡೋಸ್ ಮತ್ತು ಎಷ್ಟು ದಿನಕ್ಕ ಅಂತ ಬರೆದ ಚೀಟಿ, ರೋಗಿ ಆಧಾರ್, ತರಾಕ ಹೋಗೋರ ಆಧಾರ್. ರೋಗಿ ಖುದ್ದು ಬರಲಾಕ ಆಗಲ್ಲ ಅಂತ ಡಾಕ್ಟರ್ ಕಡಿಂದ ಒಂದು ಸಾಲು ಬರೆಸ್ಕೊಂಡ್ರ ಮುಂದಿನ ಸಲ ತಂದಿ ಒಬ್ರೇ ಹೋಗಿ ತರಬಹುದು. ಗುಳಗಿ ಮುಗಿಯೋಕ ಒಂದು ವಾರ ಇರುವಾಗಲೇ ಹೊರಡ್ರಿ. ಖಾಲಿ ಆದ ದಿನ ಹೊಂಟ್ರ ಅವತ್ತೇ ರಜಾ ಇರ್ತದ.

ಭೀಮಾ_ದಂಡಿ
ಮಾರ್ಫಿನ್ ಅಂದ್ರ ಅಫೀಮೇ ಅಲ್ಲೇನ್ರಿ? ಚಟ ಹತ್ತತದ, ಉಸಿರು ನಿಲ್ತದ ಅಂತ ಕೇಳೀವಿ. ಇಷ್ಟ್ ಜಲ್ದಿ ಯಾಕ ಅದು? ಕೊನಿಗಿ ಇಟ್ಕೊಂಡ್ರ ಆಗಲ್ಲ?

ಮನಿಮನಿ_ಸಿಸ್ಟರ್ (ಬೀದರ್)
ಆಗಲ್ರಿ. ಕೊನಿಗಿ ಇಟ್ಕೊಂಡ್ರ ಅಲ್ಲೀತನಕ ಅವ ಚೀರ್ಕೊಂತ ಇರಬೇಕು. ಕ್ಯಾನ್ಸರ್ ನೋವಿಗಿ ಲೆಕ್ಕದಾಗ ಕೊಟ್ಟ ಮಾರ್ಫಿನ್ ಉಸಿರು ನಿಲ್ಸೋದು, ಚಟ ಹತ್ತಿಸೋದು ಭಾಳ ಅಪರೂಪ. ಆದ್ರ ಒಮ್ಮಿಗೇ ಬಿಡಿಸಬಾರದು, ಮೈಗಿ ರೂಢಿ ಆಗಿರ್ತದ, ಇಳಿಸ್ಕೊಂತ ಬರಬೇಕು.

ಮನ್ಯಾಗ ತಪ್ಪೋದು ಎಲ್ಲಿ ಅಂದ್ರ, ತಾಯಿ "ಈಗ ನೋವಿಲ್ಲ ಅಂತಾನ, ಬಂದಾಗ ಕೊಡೋಣ" ಅಂತ ಗುಳಗಿ ಎತ್ತಿಡ್ತಾರ. ನೋವು ಏರಿದ ಮ್ಯಾಲ ಇಳಿಸಲಾಕ ಹೆಚ್ಚು ಔಷಧ ಬೇಕಾಗ್ತದ. ಮಾಮೂಲಿ ಗುಳಗಿ ನಾಕು ತಾಸು ನಡೀತದ. ಬೆಳಿಗ್ಗಿ 6, 10, ಮಧ್ಯಾಹ್ನ 2, ಸಂಜಿ 6, ರಾತ್ರಿ 10. ರಾತ್ರಿ 10ರದ್ದು ಡಬಲ್ ಬರೆದಿರ್ತಾರ, ನಡುರಾತ್ರಿ 2ಕ್ಕ ಎಬ್ಬಿಸೋದು ತಪ್ಪಲಿ ಅಂತ. ಗಡಿಯಾರ ನೋಡಿ ಕೊಡ್ರಿ, ಅವನ ಮಾರಿ ನೋಡಿ ಅಲ್ಲ. ನಡುವ ನೋವು ಬಂದ್ರ ಒಂದು ಹೊತ್ತಿನಷ್ಟೇ ಹೆಚ್ಚಿಗಿ ಕೊಟ್ಟು ನೋಟ್‌ಬುಕ್ಕಿನಾಗ ಟೈಮ್ ಬರೀರಿ. ದಿನಕ್ಕ ಮೂರು ಸಲಕ್ಕಿಂತ ಹೆಚ್ಚು ಬೇಕಾಗ್ಲತ್ತದಂದ್ರ ಡಾಕ್ಟರಿಗಿ ಹೇಳಿ ಪೂರಾ ಡೋಸ್ ಏರಿಸಬೇಕು.

ಮೊದ್ಲ ಎರಡು ಮೂರು ದಿನ ಮಂಪರು, ವಾಕರಿಕಿ ಇರ್ತದ, ಆಮ್ಯಾಲ ಹೋಗ್ತದ. ಮಲಬದ್ಧತಿ ಮಾತ್ರ ಹೋಗಲ್ಲ. ಮಾರ್ಫಿನ್ ಶುರು ಮಾಡಿದ ದಿನಾನೇ ಬಿಸಾಕೋಡಿಲ್ 5 ಮಿಲಿಗ್ರಾಂ ರಾತ್ರಿ ಎರಡು ಶುರು ಆಗಬೇಕು. ಇಸಬ್‌ಗೋಲ್ ಕೊಡಬ್ಯಾಡ್ರಿ, ನೀರು ಕಡಿಮಿ ಕುಡಿಯೋರಿಗಿ ಅದು ಕರುಳಾಗ ಗಟ್ಟಿ ಮುದ್ದಿ ಆಗಿ ಕೂಡ್ತದ. ಮೂರು ದಿನ ಕಡಿಗಿ ಆಗಿಲ್ಲ, ನಾಕನೇ ದಿನ ನೀರ್ ನೀರ್ ಭೇದಿ ಶುರು ಆಯ್ತಂದ್ರ ಅದು ಭೇದಿ ಅಲ್ಲ. ಒಳಗ ಗಡ್ಡಿ ಕೂತು ಪಕ್ಕದಿಂದ ನೀರು ಸೋರ್ಲತ್ತದ. ಭೇದಿ ಗುಳಗಿ ಕೊಟ್ರಿ ಅಂದ್ರ ಕತಿ ಕೆಟ್ಟಂಗ. ಎನಿಮಾ ಬೇಕು.

ಎಬ್ಬಿಸಿದ್ರೂ ಏಳಲ್ಲ, ನಿಮಿಷಕ್ಕ ಉಸಿರು 8ಕ್ಕಿಂತ ಕಡಿಮಿ ಅಂದ್ರ ಮುಂದಿನ ಗುಳಗಿ ತಡ್ದು ಕೂಡ್ಲೇ ಡಾಕ್ಟರಿಗಿ ಫೋನ್ ಹಚ್ಚಬೇಕು.

ಬಿಳಿ_ಕೋಟು
ಸಿಸ್ಟರ್ ಬರೆದಿದ್ದು ಸರಿ. ಈ ರೋಗಿಗೆ ಮಾತ್ರ ಸ್ವಲ್ಪ ಸೇರಿಸಬೇಕು. ಲಿವರ್‌ಗೆ ಹಬ್ಬಿದೆ ಎಂದಿದ್ದೀರಿ. ಕಾಮಾಲೆ ಇದ್ದರೆ ಪ್ಯಾರಸಿಟಮಾಲ್ ದಿನಕ್ಕೆ 2 ಗ್ರಾಂ ಒಳಗಿರಲಿ, ಅಂದರೆ 650ರ ಮಾತ್ರೆ ಮೂರು. ಮಾರ್ಫಿನ್ ಸಣ್ಣ ಡೋಸಿನಿಂದ ಶುರು ಮಾಡಿ ಅಂತರ 6 ಗಂಟೆಗೆ ಏರಿಸಬೇಕಾಗಬಹುದು. ಕ್ರಿಯಾಟಿನಿನ್ (ಕಿಡ್ನಿ ಕೆಲಸ ತೋರಿಸುವ ರಕ್ತಪರೀಕ್ಷೆ) ಏರಿದರೆ ಮಾರ್ಫಿನ್ ದೇಹದಲ್ಲೇ ಉಳಿಯುತ್ತದೆ. ವಿಪರೀತ ಮಂಪರು, ಕೈಕಾಲು ಜಗ್ಗಿದಂತೆ ಆಗುವುದು, ಇಲ್ಲದ್ದು ಕಾಣುವುದು ಅದರ ಗುರುತು. ಆಗ ಚರ್ಮಕ್ಕೆ ಅಂಟಿಸುವ ಫೆಂಟಾನಿಲ್ ಪಟ್ಟಿಗೆ ಬದಲಿಸುತ್ತಾರೆ.

ಪ್ಯಾಂಕ್ರಿಯಾಸ್ ನೋವು ಹೊಟ್ಟೆಯಿಂದ ಬೆನ್ನಿಗೆ ಹೊಡೆಯುತ್ತದೆ. ಅಂಗಾತ ಮಲಗಿದರೆ ಹೆಚ್ಚು, ಮುಂದೆ ಬಾಗಿ ಕೂತರೆ ಕಡಿಮೆ. "ಕಾಲು ಚಾಚಿ ಸರಿಯಾಗಿ ಮಲಗಪ್ಪ" ಎಂದು ತಾಯಿ ಒತ್ತಾಯಿಸುತ್ತಾರೆ, ಬೇಡ. ಎದುರಿಗೆ ಸ್ಟೂಲ್ ಇಟ್ಟು ಅದರ ಮೇಲೆ ಎರಡು ದಿಂಬು ಹಾಕಿದರೆ ಅದಕ್ಕೆ ಒರಗಿಯೇ ನಿದ್ದೆ ಮಾಡುತ್ತಾನೆ. ಬೆಂಗಳೂರು ಬಿಡುವ ಮುನ್ನ ಸೀಲಿಯಾಕ್ ಪ್ಲೆಕ್ಸಸ್ ಬ್ಲಾಕ್ ಮಾಡಲು ಬರುತ್ತದೆಯೇ ಎಂದು ನೋವಿನ ವಿಭಾಗದಲ್ಲಿ ಕೇಳಿ. ಆ ನರಗಳ ಗುಂಪಿಗೆ ಸೂಜಿ ಹಾಕಿ ನೋವಿನ ದಾರಿ ಕಡಿಯುವ ವಿಧಾನ. ಎಲ್ಲರಿಗೂ ಹೊಂದುವುದಿಲ್ಲ, ಹೊಂದಿದವರಿಗೆ ಮಾತ್ರೆ ಕಡಿಮೆ ಸಾಕಾಗಬಹುದು.

ಮಲ ಎಣ್ಣೆಯಂತೆ ತೇಲುತ್ತಿದ್ದರೆ ಪ್ಯಾಂಕ್ರಿಯಾಟಿನ್ ಕ್ಯಾಪ್ಸೂಲ್ ಬರೆಯುತ್ತಾರೆ. ಅದನ್ನು ಊಟದ ಮೊದಲ ತುತ್ತಿನ ಜೊತೆ ಕೊಡಬೇಕು. ಊಟ ಮುಗಿದ ಮೇಲೆ ಕೊಟ್ಟರೆ ದುಡ್ಡು ದಂಡ.

ಗುಳಗಿ_ಅಂಗಡಿ (ಕಲಬುರಗಿ)
ಪಟ್ಟಿ ವಿಷಯ ಬಂತಲ್ಲ, ನಮ್ಮ ಬಿಸಿಲಿಗಿ ಒಂದು ಮಾತು. ಫೆಂಟಾನಿಲ್ ಪಟ್ಟಿ 72 ತಾಸಿನದು. ಮೈ ಕಾದ್ರ ಔಷಧ ಒಮ್ಮಿಗೇ ಜಾಸ್ತಿ ಒಳಗ ಇಳೀತದ. ಮೇ ತಿಂಗಳಾಗ ತಗಡಿನ ಮನ್ಯಾಗ 43 ಡಿಗ್ರಿ ಇರುವಾಗ, ಇಲ್ಲಂದ್ರ ಜ್ವರ ಬಂದಾಗ, ಮಂಪರು ಹೆಚ್ಚಾಗ್ಲತ್ತದೇನು ನೋಡ್ಕೊಂತಿರ್ರಿ. ಪಟ್ಟಿ ಮ್ಯಾಲ ಬಿಸಿನೀರಿನ ಚೀಲ ಇಡಬಾರದು, ಕತ್ತರಿಸಬಾರದು. ಎದಿ ಇಲ್ಲಾ ತೋಳಿನ ಮ್ಯಾಲ, ಬರೀ ನೀರಿಲೆ ಒರೆಸಿ, ಕೂದಲಿದ್ರ ಕತ್ತರಿಲೆ ಕತ್ತರಿಸಿ (ಬ್ಲೇಡ್ ಬ್ಯಾಡ), ಅಂಗೈಲೆ 30 ಸೆಕೆಂಡ್ ಒತ್ತಿ ಹಿಡೀರಿ. ಹಚ್ಚಿದ ಮ್ಯಾಲ ಹತ್ತಲಾಕ 12ರಿಂದ 24 ತಾಸು ಬೇಕು, ಅಲ್ಲೀತನಕ ಗುಳಗಿ ಡಾಕ್ಟರ್ ಹೇಳಿದಂಗ ನಡೀಬೇಕು. ತೆಗೆದ ಪಟ್ಟಿನ್ಯಾಗೂ ಔಷಧ ಉಳಿದಿರ್ತದ. ಅಂಟು ಒಳಗ ಬರೋಹಂಗ ಮಡಚಿಡ್ರಿ, ಮನ್ಯಾಗ ಆರು ವರ್ಷದ ಕೂಸು ಅದ.

ಇನ್ನೊಂದು. ಊರಾಗಿನ ಆರ್‌ಎಂಪಿ (ಡಿಗ್ರಿ ಇಲ್ಲದ ಹಳ್ಳಿ ಡಾಕ್ಟರ್) ಕರೆಸಿ ದಿನಾ ಡೈಕ್ಲೋಫಿನಾಕ್ ಸೂಜಿ ಹಾಕಿಸಬ್ಯಾಡ್ರಿ, ಕಿಡ್ನಿ ಹೋಗ್ತದ, ಹೊಟ್ಯಾಗ ರಕ್ತ ಸೋರ್ತದ. ಪೆಂಟಾಜೋಸಿನ್ ಸೂಜಿ ಅಂತೂ ಮಾರ್ಫಿನ್ ಮ್ಯಾಲ ಹಾಕಿದ್ರ ಮಾರ್ಫಿನ್ನಿನ ಕೆಲಸಾನೇ ಕೆಡಸ್ತದ.

ಶಹಾಬಾದಿ_ಕಲ್ಲು
ಔಷಧ ಎಲ್ಲಾ ಸರಿ. ಆದ್ರ ಹುಡುಗಗ ಹೇಳಬಾರದು ಅನ್ನೋದು ನನ್ನ ಮಾತು. ಗೊತ್ತಾದ್ರ ಜೀವ ಕುಗ್ಗಿ ಎರಡು ದಿನ ಮೊದ್ಲೇ ಹೋಗ್ತಾನ. ಹಿರ್ಯಾರು ಹೇಳಬ್ಯಾಡ ಅನ್ನೋದು ಅದಕ್ಕೇ.

ಸುರಪುರದ_ಅಕ್ಕ
ಅಣ್ಣಾ, 34 ವರ್ಷದವ, ಪ್ರತಿ ಕಿಮೋಕ್ಕೂ ಸಹಿ ಅವನೇ ಹಾಕ್ಯಾನ. ರಿಪೋರ್ಟ್ ಅವನ ಫೋನಿನಾಗೇ ಬರ್ತದ. ಅವನಿಗಿ ಗೊತ್ತಿಲ್ಲ ಅಂತ ನೀವು ತಿಳ್ಕೊಂಡೀರಿ, ಅಪ್ಪ-ಅವ್ವಗ ತಡಕೊಳ್ಳಾಕ ಆಗಲ್ಲ ಅಂತ ಅವ ಸುಮ್ಮ ಅದಾನ. ಎರಡೂ ಕಡಿ ನಾಟಕ ನಡೀತದ, ನಡುವ ಅವ ಒಬ್ಬನೇ ಆಗ್ತಾನ. "ಊರಿಗೇ ಹೋಗೋಣ" ಅಂತ ತಾನಾಗೇ ಅಂದವನಿಗಿ ಏನು ಮುಚ್ಚಿಡ್ತೀರಿ?

ಕುಂತು ಭಾಷಣ ಹೊಡೀಬೇಕಂತಿಲ್ಲ. ತಾಯಿ ಇಲ್ಲಾ ಹೆಂಡ್ತಿ, ಯಾರರೆ ಒಬ್ರೇ ಇದ್ದಾಗ, "ತಮ್ಮಾ, ಡಾಕ್ಟರ್ ನಿನಗ ಏನು ಹೇಳ್ಯಾರ?" ಅಂತ ಕೇಳ್ರಿ. ಆಮ್ಯಾಲ "ಇನ್ನ ಏನರೆ ತಿಳ್ಕೋಬೇಕು ಅನಸ್ತದೇನು?" ಬ್ಯಾಡ ಅಂದ್ರ ಬಿಡ್ರಿ, ಅವನ ಹಕ್ಕು ಅದು. ಹೂಂ ಅಂದ್ರ ಗೊತ್ತಿದ್ದಷ್ಟು ಹೇಳ್ರಿ. "ನಾ ಸಾಯ್ತೀನೇನವ್ವಾ?" ಅಂದಾಗ "ಥೂ, ಬಿಡ್ತು ಅನ್ನು" ಅಂತ ಬಾಯಿ ಮುಚ್ಚಿಸಿದ್ರ ಮುಂದ ಎಂದೂ ಕೇಳಲ್ಲ. "ಯಾಕಪ್ಪಾ, ಹಂಗ ಅನಸ್ಲತ್ತದೇನು?" ಅಂತ ತಿರುಗಿ ಕೇಳಿದ್ರೂ ಸಾಕು.

ಶಹಾಬಾದಿ_ಕಲ್ಲು
ಪುಸ್ತಕದಾಗ ಛಂದ ಕಾಣ್ತದ್ರಿ ಅಕ್ಕಾರ. ಹಳ್ಳ್ಯಾಗ ಹಂಗ ನಡೆಯಲ್ಲ.

ಕರಿ_ಕೋಟು (ಸೇಡಂ)
ಹಳ್ಳ್ಯಾಗೇ ಜಾಸ್ತಿ ಬೇಕು, ಯಾಕಂದ್ರ ಸಹಿ ಬೇಕಾಗ್ತಾವ. ಅವನಿಗಿ ಹೇಳ್ದೇ ಯಾವ ಕಾಗದಕ್ಕ ಸಹಿ ಕೇಳ್ತೀರಿ?

ಮೊದ್ಲನೇದು ನೌಕರಿ. ರಾಜೀನಾಮಿ ಕೊಡಬಾರದು. ಕಂಪನಿ ಕಡಿಯವರು "ಕೊಟ್ಟುಬಿಡ್ರಿ, ಸೆಟಲ್‌ಮೆಂಟ್ ಜಲ್ದಿ ಆಗ್ತದ" ಅಂದ್ರೂ ಬ್ಯಾಡ. ಸಂಬಳ ಇಲ್ಲದ ರಜಾ ಹಾಕ್ರಿ. ಪಿಎಫ್ ಜತಿಗಿರೋ ಇಡಿಎಲ್‌ಐ ವಿಮಾ ನೌಕರ್ಯಾಗ ಇರುವಾಗ ತೀರಿಕೊಂಡವರಿಗಿ, ಮಿತಿ 7 ಲಕ್ಷ. ಗ್ರಾಚ್ಯುಟಿಗಿ ಐದು ವರ್ಷದ ನಿಯಮ ಅದಲ್ಲ, ಸಾವಿನ ಸಂದರ್ಭದಾಗ ಅದು ಅನ್ವಯ ಆಗಲ್ಲ.

ಎರಡನೇದು ಪಿಎಫ್ ನಾಮಿನಿ. ಲಗ್ನಕ್ಕ ಮೊದ್ಲ ತಾಯಿ ಹೆಸರು ಬರೆಸಿದ್ದ ಅಂದ್ರ, ಲಗ್ನ ಆದ ದಿನಾನೇ ಆ ನಾಮಿನೇಷನ್ ರದ್ದು. ಹೊಸದು ಆನ್‌ಲೈನಿನಾಗ ಅವನೇ ಹಾಕಬೇಕು, ಆಧಾರ್ ಓಟಿಪಿ ಬರೋ ಮೊಬೈಲ್ ಚಾಲೂ ಇರಬೇಕು. ಸಿಮ್ ರೀಚಾರ್ಜ್ ನಿಲ್ಸಬ್ಯಾಡ್ರಿ.

ಆಸ್ತಿ ವಿಷಯ ತಂದಿ-ತಾಯಿ ಕಿವಿ ಕೊಟ್ಟು ಕೇಳ್ರಿ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಲಿಂಗಾಯತರಿಗೂ ಅನ್ವಯ. ಮಗ ಉಯಿಲು ಬರೀದೇ ತೀರಿಕೊಂಡ್ರ ಅವನ ಸ್ವಂತ ಆಸ್ತಿ ಹೆಂಡ್ತಿ, ಮಕ್ಕಳು ಮತ್ತು ತಾಯಿಗಿ ಸಮ ಪಾಲು. ತಂದಿ ಎರಡನೇ ವರ್ಗದ ವಾರಸುದಾರ, ಇವರೆಲ್ಲ ಇರುವಾಗ ಅವರಿಗಿ ಏನೂ ಬರಲ್ಲ. ಮುಸ್ಲಿಂ ಕಾನೂನಿನಾಗ ಬ್ಯಾರೆ: ಗಂಡು ಮಗನ್ನ ಬಿಟ್ಟು ಹೋದ್ರೂ ತಾಯಿಗಿ 1/6, ತಂದಿಗಿ 1/6, ಉಯಿಲು ಒಟ್ಟು ಆಸ್ತಿಯ ಮೂರನೇ ಒಂದು ಭಾಗ ಮೀರಂಗಿಲ್ಲ, ವಾರಸುದಾರರು ಒಪ್ಪಿದ್ರ ಮಾತ್ರ ಮೀರಬಹುದು. ಬ್ಯಾಂಕ್ ನಾಮಿನಿ ಅಂದ್ರ ಮಾಲಕ ಅಲ್ಲ, ರೊಕ್ಕ ತಗೊಂಡು ವಾರಸುದಾರರಿಗಿ ಮುಟ್ಟಿಸೋನು. ಮನಿ ಮನಿ ಜಗಳ ಶುರು ಆಗೋದೇ ಇಲ್ಲಿ.

ಉಯಿಲಿಗಿ ಸ್ಟಾಂಪ್ ಬ್ಯಾಡ, ನೋಂದಣಿ ಕಡ್ಡಾಯ ಇಲ್ಲ. ಬಿಳಿ ಹಾಳಿ, ಅವನ ಸಹಿ, ಇಬ್ರು ಸಾಕ್ಷಿ. ಸಾಕ್ಷಿಗಳು ಪಾಲು ಬರದ ಹೊರಗಿನವರಾದ್ರ ಛಲೋ. ಹುಷಾರಿದ್ದ, ತಿಳುವಳಿಕಿ ಅದ ಅಂತ ಡಾಕ್ಟರ್ ಅವತ್ತಿನ ತಾರೀಖಿನ ಚೀಟಿ ಕೊಟ್ರ ಮುಂದ ಯಾರೂ "ಮಾರ್ಫಿನ್ ನಶಾದಾಗ ಬರೆಸ್ಯಾರ" ಅನ್ನಂಗಿಲ್ಲ.

ಸಹಿ ಹಾಕಲಾಕ ಕೈ ನಡುಗ್ಲತ್ತದಂದ್ರ ಬ್ಯಾಂಕಿನಾಗ ಹೆಬ್ಬೆಟ್ಟು ನಡೀತದ, ಇಬ್ರು ಸಾಕ್ಷಿ ಬೇಕು, ಅದ್ರಾಗ ಒಬ್ರು ಬ್ಯಾಂಕಿನ ಜವಾಬ್ದಾರಿ ಅಧಿಕಾರಿ. ಅದಕ್ಕಿಂತ, ಸಹಿ ಬರುವಾಗಲೇ ಹೆಂಡ್ತಿ ಜತಿ ಜಂಟಿ ಖಾತೆ ಮಾಡಿದ್ರ ಯಾವ ತಕಲೀಫೂ ಇಲ್ಲ. ತೀರಿಕೊಂಡ ಮ್ಯಾಲ ಅವನ ಎಟಿಎಂ, ಫೋನ್‌ಪೇ ಬಳಸಿ ರೊಕ್ಕ ತೆಗೆಯೋದು ಮಾತ್ರ ಬ್ಯಾಡೇ ಬ್ಯಾಡ.

ತೊಗರಿ_ಕಣಜ (ಆಳಂದ)
ರಾಜೀನಾಮಿ ಬರೆದು ಇಟ್ಟಿದ್ದ ಅಂತ್ರಿ, ಕಳಿಸಿಲ್ಲ. ಈಗೇ ಫೋನ್ ಹಚ್ತೀನಿ.

ಕಲ್ಯಾಣದ_ಹಾದಿ
ನಮ್ಮ ಭಾಗಕ್ಕ ಸಂವಿಧಾನದ 371ಜೆ ಕಲಂ ಬಂತು, ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯ್ತು. ಒಂದು ಸ್ಟ್ರಿಪ್ ಮಾರ್ಫಿನ್ ಗುಳಗಿ ಸಲುವಾಗಿ ಇನ್ನೂ ಬೆಂಗಳೂರು, ಸೋಲಾಪುರ, ಬಾರ್ಶಿ, ಹೈದರಾಬಾದ್ ಅಂತ ತಿರುಗೋದು ತಪ್ಪಿಲ್ಲ ನೋಡ್ರಿ.

ಗುಳಗಿ_ಅಂಗಡಿ (ಕಲಬುರಗಿ)
ಖರೆ ಅದ, ಆದ್ರ ಆ ಚರ್ಚಾಕ್ಕ ಬ್ಯಾರೆ ಜಾಗ ಮಾಡ್ರಿ. ಗಡಿ ದಾಟಿ ಹೋಗೋರು ಒಂದು ನೆನಪಿಡ್ರಿ: ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಬಿಪಿಎಲ್ ಕುಟುಂಬಕ್ಕ ವರ್ಷಕ್ಕ 5 ಲಕ್ಷ ತನಕ ಅದ, ಆದ್ರ ಬ್ಯಾರೆ ರಾಜ್ಯದ ದವಾಖಾನಿನ್ಯಾಗ ನಡೀತದೇನು ಅಂತ ಇಲ್ಲೇ ಆರೋಗ್ಯಮಿತ್ರರ ಹತ್ರ ಖಾತ್ರಿ ಮಾಡ್ಕೊಂಡು ಗಾಡಿ ಹತ್ರಿ.

ಭೀಮಾ_ದಂಡಿ
ಊಟಾನೇ ಬಿಟ್ಟಾನ ಅಂದ್ರ ದಿನಾ ಒಂದು ಸಲೈನ್ ಹಚ್ಚಿಸಿದ್ರ ಶಕ್ತಿ ಬರ್ತದಲ್ಲ? ಉಪವಾಸ ಹೆಂಗ ಬಿಡ್ತಾರ್ರಿ ತಾಯಿ ಆದವರು?

ಬಿಳಿ_ಕೋಟು
ಅರ್ಧ ಲೀಟರಿನ ಒಂದು ಬಾಟಲಿ 5 ಪರ್ಸೆಂಟ್ ಗ್ಲೂಕೋಸ್‌ನಲ್ಲಿ ಇರುವುದು 25 ಗ್ರಾಂ ಸಕ್ಕರೆ. ನೂರು ಕ್ಯಾಲೊರಿಯೂ ದಾಟುವುದಿಲ್ಲ, ಒಂದು ಜೋಳದ ರೊಟ್ಟಿಯಷ್ಟೂ ಇಲ್ಲ. ಅದಕ್ಕಾಗಿ ಸಿಗದ ನರ ಹುಡುಕಿ ನಾಲ್ಕು ಕಡೆ ಚುಚ್ಚುತ್ತಾರೆ. ಕೊನೆಯ ದಿನಗಳಲ್ಲಿ ದೇಹ ಆ ನೀರನ್ನು ಬಳಸಿಕೊಳ್ಳುವುದಿಲ್ಲ. ಕಾಲು ಬಾಯುತ್ತದೆ, ಹೊಟ್ಟೆಯಲ್ಲಿ ನೀರು ಏರುತ್ತದೆ, ಎದೆಯಲ್ಲಿ ಕಫ ಗೊರಗೊರ ಎನ್ನುತ್ತದೆ. ವಾಂತಿ-ಭೇದಿ ಆಗಿ ಬಳಲಿದಾಗ ಒಂದೆರಡು ಬಾಟಲಿ ಬೇರೆ ಮಾತು. ದಿನದ ಪದ್ಧತಿ ಮಾಡಿಕೊಳ್ಳುವುದು ಬೇಡ.

ಮನಿಮನಿ_ಸಿಸ್ಟರ್ (ಬೀದರ್)
ಊಟದ ವಿಷಯ ತಾಯಂದಿರಿಗಿ ನುಂಗಲಾರದ ತುತ್ತು. ಹಸಿವು ಹೋಗೋದು ರೋಗದ ಭಾಗ. ಉಣ್ಣದಿದ್ದಕ್ಕ ಸಾಯಲ್ಲ, ರೋಗ ಮುಂದ ಹೋಗಿದ್ದಕ್ಕ ಉಣ್ಣಲ್ಲ. ಬಾಯಿ ಅದುಮಿ ತುರುಕಿದ್ರ ಅನ್ನ ಶ್ವಾಸನಾಳಕ್ಕ ಹೋಗಿ ನಿಮೋನಿಯಾ ಆಗ್ತದ. ತಾಟಿನ ಬದ್ಲಿ ಸಣ್ಣ ವಾಟಿ, ಎರಡು ತಾಸಿಗೊಮ್ಮಿ ಮೂರು ನಾಕು ಚಮಚ. ನೀರಿಗಿ ಠಸಕಾ ಹತ್ತಲತ್ತದಂದ್ರ ನೀರಿಗಿಂತ ಗಟ್ಟಿ ಅಂಬಲಿ, ಮಜ್ಜಿಗಿ ಹಾಕಿ ಕಿವುಚಿದ ನುಚ್ಚು ಸಲೀಸು. ಕೂಡ್ರಿಸಿ, ಗದ್ದ ಎದಿ ಕಡಿ ಬಾಗಿಸಿ ನುಂಗಿಸಬೇಕು, ಮ್ಯಾಲ ಎತ್ತಿ ಸುರೀಬಾರದು.

ಮೂಗಿನ ನಳಿಗಿ ಇದ್ರ ಒಂದು ಹೊತ್ತಿಗಿ 200 ಎಂಎಲ್, ಮುಂದ ಹಿಂದ 30 ಎಂಎಲ್ ನೀರು, ಕೊಟ್ಟ ಮ್ಯಾಲ ಒಂದು ತಾಸು ತಲಿ ಎತ್ತರ. ಬ್ಯಾಳಿ ಕಟ್ಟು, ಗಂಜಿ ಬಟ್ಯಾಗ ಸೋಸೇ ಹಾಕ್ರಿ. ಗುಳಗಿ ನುಣ್ಣಗ ಪುಡಿ ಮಾಡದಿದ್ರ ಅಲ್ಲೇ ಕಟ್ಟಿ ಕೂಡ್ತದ. ಒಂದು ಎಚ್ಚರ, ನಿಧಾನಕ್ಕ ಕರಗೋ ಮಾರ್ಫಿನ್ ಗುಳಗಿ (12 ತಾಸಿನದು) ಪುಡಿ ಮಾಡಲೇಬಾರದು, ಪೂರಾ ಡೋಸ್ ಒಮ್ಮಿಗೇ ಬಿಡ್ತದ.

ಬಾಯಿ ಒಣಗ್ತದ, ಬಿಸಿಲಾಗ ಇನ್ನೂ ಜಾಸ್ತಿ. ಒಂದು ಗ್ಲಾಸ್ ಕಾಯಿಸಿ ಆರಿಸಿದ ನೀರಿಗಿ ಅರ್ಧ ಚಮಚ ಉಪ್ಪು, ಅರ್ಧ ಚಮಚ ಅಡಗಿ ಸೋಡಾ. ಮೆತ್ತನ ಅರಿವಿ ಬೆರಳಿಗಿ ಸುತ್ತಿ ಎರಡು ಮೂರು ತಾಸಿಗೊಮ್ಮಿ ಒರೆಸ್ರಿ. ನಾಲಿಗಿ ಮ್ಯಾಲ ಮೊಸರಿನಂಗ ಬಿಳಿ ಕಂಡ್ರ ಅದು ಫಂಗಸ್, ಔಷಧ ಬೇಕು. ಈ ಒರೆಸೋ ಕೆಲಸ ತಾಯಿಗೇ ಕೊಡ್ರಿ. ಉಣಿಸಬೇಕು ಅನ್ನೋ ಕೈಗಿ ಏನರೆ ಬೇಕಲ್ಲ.

ಬಿದರಿ_ಹೂಜಿ
ಕ್ಯಾನ್ಸರಿಗಿ ಪುಡಿ ಕೊಡೋ ಒಬ್ರು ಅದಾರ, ನಾಕು ದಿನದಾಗ ಹಸಿವು ಬರ್ತದ ಅಂತ. ಬೀದರಿನ ಝರಣಿ ನರಸಿಂಹನ ಗುಹಾದಾಗ ನೀರಾಗ ನಡೆಸಿ, ಆಮ್ಯಾಲ ಘಾಣಗಾಪುರದ ಸಂಗಮದಾಗ ಸ್ನಾನ ಮಾಡಿಸಿದ್ರ ಒಳ್ಳೇದಾಗ್ತದ ಅಂತಾರ. ಕೊನೀ ಪ್ರಯತ್ನ ಮಾಡೋದ್ರಾಗ ಏನು ತಪ್ಪು?

ಮನಿಮನಿ_ಸಿಸ್ಟರ್ (ಬೀದರ್)
ಝರಣ್ಯಾಗ ಎದಿ ಮಟ ನೀರಾಗ ಸುಮಾರು 300 ಮೀಟರ್ ನಡೀಬೇಕ್ರಿ, ಗಟ್ಟಿ ಇದ್ದವರಿಗೇ ಉಸಿರು ಕಟ್ತದ. ಪಟ್ಟಿ, ಪೈಪು, ಹುಣ್ಣು ಇದ್ದವರನ್ನ ಆ ನೀರಿಗಿ ಇಳಿಸಬ್ಯಾಡ್ರಿ. ದೇವರ ಮ್ಯಾಲ ನಂಬಿಗಿ ಇದ್ರ ತಂದಿ ಹೋಗಿ ಬರಲಿ, ಶರಣಬಸವೇಶ್ವರ ಗುಡಿ ಇರಲಿ, ಬಂದೇನವಾಜ್ ದರ್ಗಾ ಇರಲಿ. ಮನಿಂದ ಎರಡು ತಾಸು ಹೊರಗ ಹೋಗಿ ಅತ್ತು ಬಂದ್ರೂ ಅವರಿಗಿ ಒಳ್ಳೇದೇ.

ಗುಳಗಿ_ಅಂಗಡಿ (ಕಲಬುರಗಿ)
ನಾಕು ದಿನದಾಗ ಹಸಿವು ಬಂದು, ಮಾರಿ ಉಬ್ಬಿ, ಶುಗರ್ ಏರಿದ್ರ ಆ ಪುಡ್ಯಾಗ ಸ್ಟೀರಾಯ್ಡ್ ಅದ ಅಂತ ಅನುಮಾನ ಪಡ್ರಿ. ಅದೇ ಸ್ಟೀರಾಯ್ಡ್ ಡಾಕ್ಟರ್ ಲೆಕ್ಕದಾಗ ಬೆಳಿಗ್ಗಿ ಹೊತ್ತು ಕೊಡ್ತಾರ, ಕೆಲವು ರೂಪಾಯಿಗಿ ಸಿಗ್ತದ. ಪುಡಿ ರೊಕ್ಕ ಏರ್ ಬೆಡ್ಡಿಗಿ ಹಾಕ್ರಿ.

ಶಹಾಪುರದ_ವೈರ್‌ಮನ್
ಏರ್ ಬೆಡ್ ಅಂದ್ರಿ ಅಂತ ಬಂದೆ. ತಂದು ಹಾಸಿದ್ರೂ ಹುಣ್ಣು ಆಯ್ತು ಅಂತಾರ, ಕಾರಣ ಹಾಸೋ ರೀತಿ. ಕೆಳಗ ನಾಕು ಇಂಚಿನ ಫೋಮ್ ಗಾದಿ ಇರಲಿ, ಅದರ ಮ್ಯಾಲ ಏರ್ ಬೆಡ್, ಅದರ ಮ್ಯಾಲ ಒಂದೇ ಒಂದು ತೆಳ್ಳನ ಹತ್ತಿ ಚಾದರ. ಕೌದಿ, ರಬ್ಬರ್ ಶೀಟು, ಮತ್ತ ಚಾದರ ಅಂತ ಹೇರಿದ್ರ ಬೆಡ್ ಇದ್ದೂ ಇಲ್ಲದಂಗ. ಪಂಪಿನ ತಿರುಗಣಿ ರೋಗಿ ತೂಕಕ್ಕ ತಕ್ಕಂಗ ಇಡ್ರಿ. ಕುಂಡಿ ಕೆಳಗ ಕೈ ಜಾರಿಸಿ ನೋಡ್ರಿ, ಎಲುಬು ಗಾದಿಗಿ ತಾಕ್ಲತ್ತದಂದ್ರ ಗಾಳಿ ಕಡಿಮಿ.

ಕರೆಂಟ್ ಹೋದ್ರ ಪಂಪು ನಿಲ್ತದ. ಅದಕ್ಕ ಹತ್ತು ವ್ಯಾಟೂ ಬೇಕಾಗಲ್ಲ, ಸಣ್ಣ ಇನ್‌ವರ್ಟರ್ ಸಾಕು. ಆಕ್ಸಿಜನ್ ಕಾನ್ಸಂಟ್ರೇಟರ್ ಹಂಗಲ್ಲ. 5 ಲೀಟರಿನದು 350 ವ್ಯಾಟ್ ತಿಂತದ, 150 ಎಎಚ್ ಬ್ಯಾಟರಿ ಮ್ಯಾಲ ಮೂರು ತಾಸು ನಡೆದ್ರ ಹೆಚ್ಚು, ಅದೂ ಫ್ಯಾನು ಟಿವಿ ಬಂದ್ ಮಾಡಿದ್ರ. ಜತಿಗಿ ಬಿ ಟೈಪ್ ಸಿಲಿಂಡರ್ ಒಂದು ಇಡ್ರಿ, 1500 ಲೀಟರ್ ಇರ್ತದ, ನಿಮಿಷಕ್ಕ 2 ಲೀಟರಿನಂಗ 12 ತಾಸು ಬರ್ತದ. ಕೀಲಿ ಸಿಲಿಂಡರಿಗೇ ಕಟ್ಟಿಡ್ರಿ, ಕತ್ತಲಾಗ ಹುಡುಕಬಾರದು. ಆ ಖೋಲ್ಯಾಗ ದೀಪ, ಊದಬತ್ತಿ ಹಚ್ಚಂಗಿಲ್ಲ.

ಬಿಳಿ_ಕೋಟು
ಎಲ್ಲರಿಗೂ ಆಕ್ಸಿಜನ್ ಬೇಕಾಗುವುದಿಲ್ಲ. ಸ್ಯಾಚುರೇಷನ್ (ರಕ್ತದ ಆಕ್ಸಿಜನ್ ಮಟ್ಟ) ಸರಿಯಿದ್ದೂ ಉಸಿರು ಸಾಲದೆನ್ನಿಸಿದರೆ ಮುಖಕ್ಕೆ ನೇರ ಟೇಬಲ್ ಫ್ಯಾನ್ ಗಾಳಿ ಬಿಡಿ, ಮುಂದೆ ಬಾಗಿಸಿ ಕೂರಿಸಿ. ಸಣ್ಣ ಡೋಸ್ ಮಾರ್ಫಿನ್ ದಮ್ಮಿಗೂ ಕೆಲಸ ಮಾಡುತ್ತದೆ. ಯಂತ್ರ ಬಾಡಿಗೆಗೆ ತರುವ ಮುನ್ನ ಇದನ್ನು ಕೇಳಿ.

ಮನಿಮನಿ_ಸಿಸ್ಟರ್ (ಬೀದರ್)
ಬೆಡ್ ಇದ್ರೂ ಎರಡು ತಾಸಿಗೊಮ್ಮಿ ಮಗ್ಗಲಾ ಬದಲಿಸಲೇಬೇಕು. ಪೂರಾ ಹೊಳ್ಳಸೋದು ಬ್ಯಾಡ, ಬೆನ್ನಿನ ಹಿಂದ ದಿಂಬು ಕೊಟ್ಟು ಅರ್ಧ ವಾಲಿಸಿದ್ರ ಸಾಕು. ಕೆಂಪಾದ ಜಾಗ ತಿಕ್ಕಬಾರದು, ಗಾಳಿ ತುಂಬಿದ ರಿಂಗ್ ಮ್ಯಾಲ ಕೂಡ್ರಿಸಬಾರದು, ಎರಡೂ ಹುಣ್ಣು ಹೆಚ್ಚಿಸ್ತಾವ. ಎತ್ತುವಾಗ ರಟ್ಟಿ ಹಿಡಿದು ಜಗ್ಗಬ್ಯಾಡ್ರಿ, ಕೆಳಗ ಮಡಚಿದ ಚಾದರ ಹಾಕಿ ಇಬ್ರು ಎರಡು ಕಡಿ ಹಿಡಿದು ಸರಿಸ್ರಿ. 63ರ ತಂದಿ ಒಬ್ರೇ ಎತ್ತಿ ಸೊಂಟ ಹಿಡ್ಕೊಂಡ್ರ ಮನ್ಯಾಗ ಇಬ್ರು ರೋಗಿಗಳು. ಹುಣ್ಣು ವಾಸನಿ ಬರ್ಲತ್ತದಂದ್ರ ಮೆಟ್ರೊನಿಡಾಜೋಲ್ ಗುಳಗಿ ನುಣ್ಣಗ ಪುಡಿ ಮಾಡಿ ಉದುರಿಸೋದು ಡಾಕ್ಟರಿಗಿ ಕೇಳಿ ಮಾಡ್ರಿ, ಎರಡು ಮೂರು ದಿನದಾಗ ವಾಸನಿ ಹೋಗ್ತದ. ನೊಣ ಕೂಡದಂಗ ಸೊಳ್ಳಿ ಪರದಿ ಹಗಲೂ ಕಟ್ರಿ.

ಸುರಪುರದ_ಅಕ್ಕ
ತಂದಿ ಮಾತೇ ಆಡಲ್ಲ ಅಂದ್ರಲ್ಲ, ಗಂಡಸರಿಗಿ "ಅಳ್ರಿ, ಹಗರ ಆಗ್ತದ" ಅಂದ್ರ ಇನ್ನೂ ಮುಚ್ಕೋತಾರ. ಗುಳಗಿ ನೋಟ್‌ಬುಕ್ ಅವರ ಕೈಯಾಗ ಕೊಡ್ರಿ. ಟೈಮ್, ಡೋಸ್, ನೋವಿಗಿ ಹತ್ತರಾಗ ಎಷ್ಟು ಅಂಕ, ಕಡಿಗಿ ಆಯ್ತೋ ಇಲ್ಲೋ. ಮಗನ ಹತ್ರ ದಿನಕ್ಕ ಐದು ಸಲ ಹೋಗಿ ಕೂಡಲಾಕ ಒಂದು ನೆವ ಸಿಗ್ತದ. ಶುಗರ್ ಗುಳಗಿ ತಗೊಂಡು ಊಟ ಮರೆತ್ರ ತಲಿ ತಿರುಗಿ ಬೀಳ್ತಾರ, ಅದಕ್ಕ ಅದೇ ನೋಟ್‌ಬುಕ್ಕಿನಾಗ ಅವರದೂ ಒಂದು ಕಾಲಂ ಇರಲಿ.

ಅತ್ತಿ-ಸೊಸಿ ವಿಷಯ ಯಾರೂ ಎತ್ತಿಲ್ಲ, ನಾನೇ ಎತ್ತತೀನಿ. "ನನ್ನ ಮಗ" "ನನ್ನ ಗಂಡ" ಅಂತ ಹಾಸಗಿ ಪಕ್ಕದ ಜಾಗಕ್ಕೇ ಗುದ್ದಾಟ ನಡೀತದ. ಡಾಕ್ಟರ್ ಜತಿ ಮಾತಾಡೋರು ಯಾರು ಅಂತ ಅವನೇ ಒಬ್ರ ಹೆಸರು ಹೇಳಲಿ. ಲಗ್ನ ಆದವರಲ್ಲಿ ಸಾಮಾನ್ಯ ಹೆಂಡ್ತಿ ಹೆಸರೇ ಬರ್ತದ, ತಾಯಿ ಅದನ್ನ ನುಂಗಬೇಕಾಗ್ತದ, ಸುಲಭ ಇಲ್ಲ. ರಾತ್ರಿ ಪಾಳಿ ಹಚ್ಚಿಕೊಳ್ರಿ, 10ರಿಂದ 2 ಒಬ್ರು, 2ರಿಂದ 6 ಒಬ್ರು. ದಿನಕ್ಕ ಒಂದು ತಾಸು ಗಂಡ-ಹೆಂಡ್ತಿ ಇಬ್ರನ್ನೇ ಬಿಟ್ಟು ಬಾಗಿಲಾ ಮುಂದಕ್ಕ ಮಾಡ್ರಿ, ಒಂದು ತಾಸು ಅವ್ವ-ಮಗನ್ನ ಬಿಡ್ರಿ. ಬಂದೋರು ಹೋದೋರಿಗಿ ಸಂಜಿ 5ರಿಂದ 6 ಮಾತ್ರ, ಅದನ್ನ ಹೇಳೋ ಕೆಲಸ ಓಣ್ಯಾಗಿನವರು ನೀವು ತಗೋರಿ.

ಕೂಸಿಗಿ "ಅಪ್ಪ ಊರಿಗಿ ಹೋಗ್ಯಾನ", "ಮಲಗ್ಯಾನ" ಅನ್ನಬ್ಯಾಡ್ರಿ, ಆಮ್ಯಾಲ ಮಲಗಲಾಕೇ ಹೆದರ್ತಾವ. "ಅಪ್ಪಗ ಭಾಳ ದೊಡ್ಡ ರೋಗ ಅದ, ಔಷಧಿಲೆ ಹೋಗ್ಲತ್ತಿಲ್ಲ, ನಿನ್ನಿಂದ ಬಂದಿದ್ದಲ್ಲ, ನಿನಗ ಹತ್ತಲ್ಲ" ಇಷ್ಟು ಸಾಕು. ದೊಡ್ಡವರಿಗಿ ಯಾರ ಹತ್ರನೂ ಹೇಳ್ಕೊಳ್ಳಾಕ ಆಗದಿದ್ರ ಸರ್ಕಾರದ ಮಾನಸಿಕ ಸಹಾಯವಾಣಿ ಟೆಲಿ ಮಾನಸ್ 14416 ಅದ, ರೊಕ್ಕ ಇಲ್ಲ, ಕನ್ನಡದಾಗೇ ಮಾತಾಡಬಹುದು.

ಶಹಾಬಾದಿ_ಕಲ್ಲು
ಸಂಜಿ 5ರಿಂದ 6 ಅನ್ನೋದು ನನಗೂ ಹಿಡಿಸ್ತು. ಒಪ್ಪಿದೆ. ಹೇಳೋ ವಿಷಯ ಇನ್ನೂ ಒಪ್ಪಿಲ್ಲ.

ಕರಿ_ಕೋಟು (ಸೇಡಂ)
ಬಿಟ್ಟಿದ್ದು ಒಂದು. ಕೊನಿಗಿ ವೆಂಟಿಲೇಟರ್ ಬ್ಯಾಡ ಅಂತ ಅವನಿಗಿದ್ರ ಲಿಖಿತ ಮಾಡಬಹುದು. ಸುಪ್ರೀಂ ಕೋರ್ಟ್ 2018ರಾಗ ಒಪ್ಪಿ, 2023ರಾಗ ಸರಳ ಮಾಡ್ಯಾದ: ಇಬ್ರು ಸಾಕ್ಷಿ, ನೋಟರಿ ಇಲ್ಲಾ ಗೆಜೆಟೆಡ್ ಅಧಿಕಾರಿ ಮುಂದ ಸಹಿ. ನಮ್ಮ ರಾಜ್ಯದ ಆರೋಗ್ಯ ಇಲಾಖೆ 2025ರ ಜನವರಿನ್ಯಾಗ ಇದರ ಸುತ್ತೋಲೆ ಹೊರಡಿಸ್ಯಾದ. ಮನ್ಯಾಗೇ ಇದ್ದು ಮನ್ಯಾಗೇ ಹೋಗೋರಿಗಿ ಯಾವ ಮೆಡಿಕಲ್ ಬೋರ್ಡೂ ಬೇಕಾಗಲ್ಲ, ಆದ್ರ ನಡುರಾತ್ರಿ ಯಾರರೆ ಹೆದರಿ 108ಕ್ಕ ಫೋನ್ ಹಚ್ಚಿದ್ರ ಐಸಿಯುಗೇ ಹೋಗ್ತದ. ಹಚ್ಚಬೇಕೋ ಬ್ಯಾಡೋ ಅಂತ ಮನಿ ಮಂದಿ ಈಗೇ ಕುಂತು ಮಾತಾಡ್ರಿ.

ಮನ್ಯಾಗ ಸತ್ರ ಪೊಲೀಸ್ ಬರಬೇಕೇನು ಅಂತ ಎಲ್ಲರೂ ಕೇಳ್ತಾರ. ಗೊತ್ತಿದ್ದ ರೋಗ, ನೋಡಿದ ಡಾಕ್ಟರ್ ಇದ್ರ ಬೇಕಾಗಲ್ಲ. ಆ ಡಾಕ್ಟರ್ 4ಎ ನಮೂನೆಯಲ್ಲಿ ಸಾವಿನ ಕಾರಣ ಬರೆದು ಕೊಡಬೇಕು, ಅದಕ್ಕ ಫೀಸ್ ಇಲ್ಲ. 21 ದಿನದೊಳಗ ಮರಣ ನೋಂದಣಿ ಮಾಡಿಸ್ರಿ. ವಿಮಾ, ಪಿಎಫ್, ಬ್ಯಾಂಕು, ಪಹಣಿ ಎಲ್ಲಕ್ಕೂ ಪ್ರತಿ ಬೇಕು, ಒಮ್ಮಿಗೇ ಹತ್ತು ತಗೋರಿ. ಆಧಾರಿನಾಗ ಇದ್ದಂಗ ಹೆಸರಿನ ಅಕ್ಷರ ನೋಡೇ ಸಹಿ ಹಾಕ್ರಿ, ಒಂದು ಒತ್ತಕ್ಷರ ತಪ್ಪಿದ್ರ ತಿದ್ದಿಸಲಾಕ ಓಡಾಡಬೇಕಾಗ್ತದ.

ಮನಿಮನಿ_ಸಿಸ್ಟರ್ (ಬೀದರ್)
ಕೊನೀ ಎರಡು ಮೂರು ದಿನ ಏನು ಕಾಣ್ತದ ಅಂತ ಮೊದ್ಲೇ ಗೊತ್ತಿದ್ರ ತಾಯಿ-ತಂದಿ ಗಾಬರಿ ಆಗಲ್ಲ. ನಿದ್ದಿ ಹೆಚ್ಚು, ಉಚ್ಚಿ ಕಡಿಮಿ, ಬಣ್ಣ ಕಪ್ಪು. ಕೈಕಾಲು ತಣ್ಣಗಾಗಿ ಮಣಕಾಲ ಮ್ಯಾಲ ನೀಲಿ ಮಚ್ಚಿ. ಉಸಿರು ಜೋರು ಆಗ್ತದ, ನಿಲ್ತದ, ಅರ್ಧ ನಿಮಿಷ ಬಿಟ್ಟು ಮತ್ತ ಶುರು. ಗಂಟಲಾಗ ಗೊರಗೊರ ಅಂದ್ರ ಮಗ್ಗಲಿಗಿ ಮಲಗಿಸ್ರಿ, ಆ ಸಪ್ಪಳ ನಮಗ ಕೆಟ್ಟ ಅನಸ್ತದ, ಅವರಿಗಿ ಅಷ್ಟು ತ್ರಾಸ ಇರಲ್ಲ. ಗ್ಲೈಕೋಪೈರೋಲೇಟ್ ಸೂಜಿ ಕಡಿಮಿ ಮಾಡ್ತದ. ಆಗ ಬಾಯಿಗಿ ತೀರ್ಥ, ನೀರು, ಝಂಝಂ ಅಂತ ಚಮಚಗಟ್ಟಲೆ ಸುರೀಬ್ಯಾಡ್ರಿ. ತುಟಿ ಒದ್ದಿ ಆಗೋವಷ್ಟು, ಎರಡು ಹನಿ. ನುಂಗಲಾಕ ಆಗದಿದ್ರೂ ನೋವಿನ ಔಷಧ ನಿಲ್ಲಿಸಬಾರದು, ಚರ್ಮದ ಕೆಳಗ ಸಣ್ಣ ಬಟರ್‌ಫ್ಲೈ ಸೂಜಿ ಕೂಡ್ರಿಸಿ ಕೊಡಬಹುದು, ಬಾಯಿ ಡೋಸಿನ ಅರ್ಧ ಸಾಕು. ಮಾತು ಕೇಳಸ್ತದ ಅಂತಾನೇ ತಿಳ್ಕೊಂಡು ಹೆಸರು ಹಿಡ್ದು ಮಾತಾಡ್ಸ್ರಿ. ಖೋಲ್ಯಾಗ ನಿಂತು ಮಣ್ಣಿನ ಲೆಕ್ಕ ಹಾಕಬ್ಯಾಡ್ರಿ.

ಆದ ಮ್ಯಾಲ ಕಣ್ಣು ಮುಚ್ಚಿ, ಗದ್ದದ ಕೆಳಗ ಅರಿವಿ ಸುರುಳಿ ಇಡ್ರಿ. ಉಚ್ಚಿ ಪೈಪ್ ಜಗ್ಗಬಾರದು, 10 ಎಂಎಲ್ ಸಿರಿಂಜಿಲೆ ಬಲೂನಿನ ನೀರು ತೆಗೆದೇ ಎಳೀಬೇಕು. ಕೂಡ್ರಿಸಿ ಮಣ್ಣು ಕೊಡೋ ಪದ್ಧತಿ ಇದ್ದ ಮನಿ ಆದ್ರ ಎರಡು ತಾಸಿನೊಳಗ ಕೂಡ್ರಿಸ್ರಿ, ಬ್ಯಾಸಗಿನ್ಯಾಗ ಮೈ ಜಲ್ದಿ ಬಿಗೀತದ. ಉಳಿದ ಮಾರ್ಫಿನ್ ಎಣಿಸಿ ಕೊಟ್ಟ ದವಾಖಾನಿಗೇ ವಾಪಸ್ ಮಾಡ್ರಿ.

ತೊಗರಿ_ಕಣಜ (ಆಳಂದ)
ಎಲ್ಲರಿಗಿ ಶರಣು ಶರಣಾರ್ಥಿ. ತಾಯಿಗಿ ಫೋನಿನಾಗ ಓದಿ ಹೇಳಿದೆ, ಗುಳಗಿ ಟೈಮ್ ಮತ್ತ ಓದು ಅಂತ ಎರಡು ಸಲ ಕೇಳಿದ್ರು. ರಾಜೀನಾಮಿ ಹರಿದು ಒಗದಾನ ಅಂತ. ಕಡೀದೊಂದು, ಬೆಂಗಳೂರಿನಿಂದ ಕರ್ಕೊಂಡು ಬರಲಾಕ ಆಂಬುಲೆನ್ಸ್ ಭಾಳ ಕೇಳ್ತಾರ. ರೈಲು ಆಗ್ತದೇನು?

ಕಲ್ಯಾಣದ_ಹಾದಿ
ಕೂಡಲಾಕ ಬರ್ತದಂದ್ರ ರೈಲೇ ಛಲೋ, ರಾತ್ರಿ ಹೊತ್ತು, ಥರ್ಡ್ ಎಸಿ, ಕೆಳಗಿನ ಬರ್ತ್. ಕ್ಯಾನ್ಸರ್ ರೋಗಿಗಿ ಸ್ಲೀಪರ್ ಮತ್ತು ಥರ್ಡ್ ಎಸಿನ್ಯಾಗ ಪೂರಾ ಮಾಫಿ, ಜತಿಗಿ ಬರೋ ಒಬ್ರಿಗಿ 75 ಪರ್ಸೆಂಟ್. ಆನ್‌ಲೈನಿನಾಗ ನೋಡ್ಕೊಂತ ಕೂಡಬ್ಯಾಡ್ರಿ, ದವಾಖಾನಿಂದ ರೈಲ್ವೆ ನಮೂನೆಯ ಸರ್ಟಿಫಿಕೇಟ್ ಸಹಿ ಸಿಕ್ಕಾ ಮಾಡಿಸ್ಕೊಂಡು ಕೌಂಟರಿನಾಗ ತೆಗೀರಿ. ಡಿಸ್ಚಾರ್ಜ್ ದಿನಾನೇ ಕೇಳಿ ಇಸ್ಕೊಳ್ಳಿ, ಮರುದಿನ ಹೋದ್ರ ಸಹಿ ಹಾಕೋರು ಸಿಗಲ್ಲ.

ಮನಿಮನಿ_ಸಿಸ್ಟರ್ (ಬೀದರ್)
ಗಾಡಿ ಹತ್ತೋ ಅರ್ಧ ತಾಸು ಮೊದ್ಲ ಒಂದು ಹೆಚ್ಚಿನ ಗುಳಗಿ ಕೊಡಬಹುದೇನು ಅಂತ ಡಾಕ್ಟರಿಗಿ ಕೇಳ್ರಿ. ಗುಳಗಿ, ಚೀಟಿ, ಡಿಸ್ಚಾರ್ಜ್ ಕಾರ್ಡ್ ಕೈಚೀಲದಾಗ ಇರಲಿ, ಸೀಟಿನ ಕೆಳಗಿನ ಬ್ಯಾಗಿನಾಗ ಬ್ಯಾಡ. ಕಲಬುರಗಿ ಸ್ಟೇಷನ್ನಿಗಿ ಗಾಲಿ ಕುರ್ಚಿ ಬೇಕು ಅಂತ ಹಿಂದಿನ ದಿನಾನೇ ಹೇಳಿಡ್ರಿ. ಅಲ್ಲಿಂದ ಆಳಂದಕ್ಕ ಜೀಪ್ ಬ್ಯಾಡ, ಹಿಂದಿನ ಸೀಟಿನಾಗ ಮುಂದಕ್ಕ ಬಾಗಿ ಒರಗಲಾಕ ಬರೋ ಕಾರು ನೋಡ್ರಿ, ಎರಡು ದಿಂಬು ಹಾಕ್ಕೊಂಡು ಹೋಗ್ರಿ.